ಸ್ತನದ ಸಣ್ಣ ಗಂಟಿಗೆ ಯಾವ ಸೂಜಿ?

ಸಂಪಾದಕರಿಗೆ,

ಮಾನ್ಯರೇ,

ಅಕ್ಟೋಬರ್ ಬಂತೆಂದರೆ ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲೂ ಸ್ತನ ಕ್ಯಾನ್ಸರ್ ಕುರಿತ ಲೇಖನಗಳು ಪ್ರಕಟವಾಗುತ್ತವೆ. ಸ್ವತಃ ಪರೀಕ್ಷಿಸಿಕೊಳ್ಳಿ, ವಯಸ್ಸು 40 ದಾಟಿದ್ದರೆ ಮ್ಯಾಮೊಗ್ರಾಂ ಮಾಡಿಸಿ, ಗಂಟು ಕಂಡರೆ ಸಂಕೋಚಪಡದೆ ವೈದ್ಯರನ್ನು ಕಾಣಿ ಎಂಬಲ್ಲಿಗೆ ಅವು ಮುಗಿಯುತ್ತವೆ. ಮಾತುಗಳೆಲ್ಲ ಸರಿಯೇ. ಆದರೆ ಕೈಗೆ ಸಿಗದಷ್ಟು ಸಣ್ಣದಾದ, ಒಂದು ಸೆಂಟಿಮೀಟರಿಗೂ ಕಡಿಮೆ ಅಳತೆಯ ಗಂಟೊಂದು ಅಲ್ಟ್ರಾಸೌಂಡ್‌ನಲ್ಲಿ ಕಾಣಿಸಿದ ಮೇಲೆ, ಅಥವಾ ಮ್ಯಾಮೊಗ್ರಾಂನಲ್ಲಿ ಸುಣ್ಣದ ಪುಡಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಗೋಚರಿಸಿದ ಮೇಲೆ, ಆ ಮಹಿಳೆಗೆ ಮುಂದೆ ಯಾವ ಪರೀಕ್ಷೆಯಾಗಬೇಕು, ಅದನ್ನು ಯಾವ ಸೂಜಿಯಿಂದ ಮಾಡಬೇಕು, ಯಾವುದರ ಮಾರ್ಗದರ್ಶನದಲ್ಲಿ ಮಾಡಬೇಕು ಎಂಬ ವಿಷಯ ಓದುಗರ ತನಕ ಬರುವುದೇ ಅಪರೂಪ. ಚಿಕಿತ್ಸೆಯ ದಿಕ್ಕು ನಿರ್ಧಾರವಾಗುವುದು ಆ ಹಂತದಲ್ಲೇ ಆದ್ದರಿಂದ ಈ ದೀರ್ಘ ಪತ್ರ. ಸ್ಥಳಾವಕಾಶ ಕೊಟ್ಟರೆ ಉಪಕಾರವಾದೀತು.

ವೃತ್ತಿಜೀವನದ ಬಹುಭಾಗವನ್ನು ಜಿಲ್ಲಾ ಕೇಂದ್ರವೊಂದರಲ್ಲಿ ಪೆಥಾಲಜಿಸ್ಟ್ ಆಗಿ ಕಳೆದವಳು ನಾನು. ರೋಗಿಯ ಮುಖಕ್ಕಿಂತ ಹೆಚ್ಚಾಗಿ ಅವರಿಂದ ತೆಗೆದ ತುಣುಕುಗಳನ್ನೇ ನೋಡಿದವಳು. ಬಾಟಲಿಯಲ್ಲಿ ಏನು ಬರುತ್ತದೆಯೋ ಅದರ ಮೇಲೆಯೇ ನಮ್ಮ ವರದಿ ನಿಲ್ಲುವುದರಿಂದ, ಆ ಬಾಟಲಿಗೆ ಏನು ಬೀಳಬೇಕು ಎಂಬ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ. ಸ್ತನದ ಸಣ್ಣ ಗಂಟಿಗೆ ಮೊದಲ ಪರೀಕ್ಷೆಯಾಗಿ ಅಲ್ಟ್ರಾಸೌಂಡ್ ನೋಡುತ್ತಾ ಮಾಡುವ ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ಅಂಗಾಂಶದ ಎಳೆ ತೆಗೆದು ಪರೀಕ್ಷಿಸುವುದು) ನಮ್ಮ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗಬೇಕು. ಎಫ್‌ಎನ್‌ಎಸಿ (ತೆಳು ಸೂಜಿಯಿಂದ ಬಿಡಿ ಜೀವಕೋಶಗಳನ್ನಷ್ಟೇ ಹೀರುವ ಪರೀಕ್ಷೆ) ಒಂದನ್ನೇ ನಂಬಿ ತೀರ್ಮಾನಕ್ಕೆ ಬರುವುದೂ, ಗಂಟು ಏನೆಂದು ತಿಳಿಯುವುದಕ್ಕಾಗಿಯೇ ಶಸ್ತ್ರಚಿಕಿತ್ಸೆ ಮಾಡುವುದೂ ನಿಲ್ಲಬೇಕು. ಗಾಳಿಯ ಎಳೆತದಿಂದ ದೊಡ್ಡ ತುಣುಕುಗಳನ್ನು ತೆಗೆಯುವ ದುಬಾರಿ ವ್ಯಾಕ್ಯೂಮ್ ಯಂತ್ರವನ್ನು ಅದು ನಿಜಕ್ಕೂ ಬೇಕಾದ ಸಂದರ್ಭಗಳಿಗೆ ಮೀಸಲಿಡಬೇಕು.

ಮೊದಲಿಗೆ ಓದುಗರ ಭಯವನ್ನು ಸ್ವಲ್ಪ ತಗ್ಗಿಸಬೇಕಾಗಿದೆ. ಬಯಾಪ್ಸಿ ಎಂದ ಕೂಡಲೇ ಕ್ಯಾನ್ಸರ್ ಎಂದೇ ಮನೆಮಂದಿಯೆಲ್ಲ ತಿಳಿದುಬಿಡುತ್ತಾರೆ. ರೇಡಿಯಾಲಜಿಸ್ಟ್‌ಗಳು ಸ್ತನದ ಚಿತ್ರಗಳಿಗೆ ಬೈ-ರಾಡ್ಸ್ ಎಂಬ ಪದ್ಧತಿಯಂತೆ ಅಂಕೆ ಕೊಡುತ್ತಾರೆ. 3 ಎಂದು ಬರೆದಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ 2ಕ್ಕಿಂತ ಹೆಚ್ಚಿಲ್ಲ. ಸಾಮಾನ್ಯವಾಗಿ ಆರು ತಿಂಗಳ ನಂತರ ಮತ್ತೆ ನೋಡಿದರೆ ಸಾಕು. 4 ಎಂದಿದ್ದರೆ ಬಯಾಪ್ಸಿ ಬೇಕು. ಅದರೊಳಗೆ 4ಎ ಎಂದರೆ ಶೇ 2ರಿಂದ 10, 4ಬಿ ಎಂದರೆ ಶೇ 10ರಿಂದ 50, 4ಸಿ ಎಂದರೆ ಶೇ 50ರಿಂದ 95ರಷ್ಟು ಸಾಧ್ಯತೆ. 5 ಎಂದರೆ ಶೇ 95ಕ್ಕೂ ಮೇಲೆ. ಅಂದರೆ 4ಎ ಎಂದು ಗುರುತಿಸಲಾದ ಸಣ್ಣ ಗಂಟುಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕ್ಯಾನ್ಸರ್ ಅಲ್ಲ. ಈ ಒಂಬತ್ತು ಮಹಿಳೆಯರಿಗೂ ಅರಿವಳಿಕೆ ಕೊಟ್ಟು, ಸ್ತನವನ್ನು ಕೊಯ್ದು, ಹೊಲಿಗೆ ಹಾಕಿ, 'ಏನೂ ಇಲ್ಲಮ್ಮ, ಹೋಗಿ ಬನ್ನಿ' ಎನ್ನುವುದು ಒಂದು ಕಾಲದಲ್ಲಿ ಅನಿವಾರ್ಯವಾಗಿತ್ತು. ಈಗ ಅನಿವಾರ್ಯವಲ್ಲ. ಉಳಿದ ಒಬ್ಬಳ ಪಾಲಿಗಂತೂ ಇದು ಇನ್ನೂ ಹಾನಿಕರ. ಕ್ಯಾನ್ಸರ್ ಎಂದು ಮೊದಲೇ ತಿಳಿದಿದ್ದರೆ ಶಸ್ತ್ರಚಿಕಿತ್ಸಕರು ಸುತ್ತಲಿನ ಆರೋಗ್ಯಕರ ಅಂಗಾಂಶವನ್ನೂ ಸೇರಿಸಿ, ಕಂಕುಳಿನ ಗ್ರಂಥಿಗಳನ್ನೂ ಪರೀಕ್ಷಿಸಿ, ಒಂದೇ ಬಾರಿಗೆ ಕೆಲಸ ಮುಗಿಸಬಹುದಿತ್ತು. ತಿಳಿಯದೆ ಗಂಟನ್ನಷ್ಟೇ ಕಿತ್ತರೆ ಎರಡನೆಯ ಶಸ್ತ್ರಚಿಕಿತ್ಸೆ ಬಹುತೇಕ ಖಚಿತ.

ಹಾಗೆ ಕಿತ್ತ ಗಂಟು ಪ್ರಯೋಗಾಲಯಕ್ಕೆ ಹೇಗೆ ಬರುತ್ತದೆ ಎಂಬುದನ್ನೂ ಹೇಳಬೇಕು. ತೆಗೆದ ಭಾಗದ ಮೇಲಂಚಿಗೆ ಗಿಡ್ಡ ದಾರ, ಹೊರಬದಿಗೆ ಉದ್ದ ದಾರ ಕಟ್ಟಿ ಕಳಿಸುವುದು ಕ್ರಮ. ಅದರಿಂದ ಯಾವ ಅಂಚಿನಲ್ಲಿ ರೋಗ ಉಳಿದಿದೆಯೆಂದು ನಾವು ಹೇಳಬಲ್ಲೆವು. ದಾರವಿಲ್ಲದೆ, ಮೂರು ನಾಲ್ಕು ಚೂರುಗಳಾಗಿ, 'ಬ್ರೆಸ್ಟ್ ಲಂಪ್' ಎಂಬ ಎರಡೇ ಪದಗಳ ಚೀಟಿಯೊಂದಿಗೆ ಬಂದ ಬಾಟಲಿಗಳನ್ನು ನಾನು ಬಹಳ ನೋಡಿದ್ದೇನೆ. ಎಡವೋ ಬಲವೋ ಎಂಬುದಕ್ಕೂ ಫೋನ್ ಮಾಡಿ ಕೇಳಬೇಕು. ಅಂಥ ಚೂರುಗಳಲ್ಲಿ ಕ್ಯಾನ್ಸರ್ ಕಂಡರೆ ಅಂಚಿನ ಬಗ್ಗೆ ಒಂದಕ್ಷರವನ್ನೂ ಬರೆಯಲಾಗದು.

ಈಗ ಸೂಜಿಗಳ ವಿಷಯ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎಫ್‌ಎನ್‌ಎಸಿ. ರಕ್ತ ತೆಗೆಯುವ ಸೂಜಿಯಷ್ಟೇ ತೆಳ್ಳಗಿರುವ, 22 ಅಥವಾ 23 ಗೇಜಿನ (ಗೇಜಿನ ಅಂಕೆ ಕಡಿಮೆಯಾದಷ್ಟೂ ಸೂಜಿ ದಪ್ಪ) ಸೂಜಿಯಿಂದ ಜೀವಕೋಶಗಳನ್ನು ಹೀರಿ ಗಾಜಿನ ಮೇಲೆ ಹರಡುತ್ತಾರೆ. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲ್ಲಿಸ್ ಎಂಬವರು ಸೂಜಿಯಿಂದ ಹೀರಿ ರೋಗ ಪತ್ತೆ ಮಾಡುವ ವಿಧಾನವನ್ನು ವರದಿ ಮಾಡಿದರು. ಎರಡನೆಯ ಮಹಾಯುದ್ಧದ ನಂತರ ಸ್ವೀಡನ್ನಿನ ವೈದ್ಯರು ಅದನ್ನು ಪಳಗಿಸಿ ಜಗತ್ತಿಗೆ ಹರಡಿದರು. ಭಾರತದಂಥ ದೇಶಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಖರ್ಚು ಕಡಿಮೆ, ಅರಿವಳಿಕೆ ಬೇಡ, ಬೆಳಿಗ್ಗೆ ಚುಚ್ಚಿದರೆ ಸಂಜೆಗೆ ವರದಿ. ನಾನೂ ಅದರಲ್ಲಿಯೇ ಪಳಗಿದವಳು. ಅದರ ಮೇಲೆ ನನಗೆ ಅಭಿಮಾನವಿದೆ. ದೊಡ್ಡದಾದ, ಕೈಗೆ ಸಿಗುವ ಗಂಟಿನಲ್ಲಿ ಅನುಭವಿ ಕೈ ಚುಚ್ಚಿ, ಅನುಭವಿ ಕಣ್ಣು ನೋಡಿದರೆ ಎಫ್‌ಎನ್‌ಎಸಿ ಇಂದಿಗೂ ಅತ್ಯುತ್ತಮ ಪರೀಕ್ಷೆ. ನೀರುಗುಳ್ಳೆಗೂ, ಕಂಕುಳಿನ ಗ್ರಂಥಿಗೂ ಅದೇ ಸಾಕಾಗುವುದುಂಟು.

ಸಣ್ಣ ಗಂಟಿನ ವಿಷಯದಲ್ಲಿ ಅದು ಸೋಲುವುದಕ್ಕೆ ಕಾರಣಗಳಿವೆ. ಎಂಟು ಮಿಲಿಮೀಟರಿನ ಗಂಟಿನೊಳಗೆ ಸೂಜಿಯ ತುದಿ ಹೊಕ್ಕಿತೋ ಪಕ್ಕದ ಕೊಬ್ಬಿನಲ್ಲೇ ಆಡಿತೋ ಎಂಬುದು ಕೈಯಂದಾಜಿಗೆ ತಿಳಿಯುವುದಿಲ್ಲ. ಸ್ಲೈಡಿನಲ್ಲಿ ಬರೀ ಕೊಬ್ಬು, ರಕ್ತ ಕಂಡಾಗ ನಾವು 'ಸಾಕಷ್ಟು ಜೀವಕೋಶಗಳಿಲ್ಲ' ಎಂದು ಬರೆಯಬೇಕಾಗುತ್ತದೆ. ಆ ಸಾಲನ್ನು ಓದಿದ ಮನೆಯವರು 'ಏನೂ ಸಿಗಲಿಲ್ಲವಂತೆ, ಅಂದರೆ ಕ್ಯಾನ್ಸರ್ ಇಲ್ಲ' ಎಂದು ಸಮಾಧಾನಪಟ್ಟುಕೊಂಡು ಊರಿಗೆ ಮರಳುತ್ತಾರೆ. ಇದಕ್ಕಿಂತ ಅಪಾಯಕಾರಿಯಾದ ತಪ್ಪು ತಿಳಿವಳಿಕೆ ಮತ್ತೊಂದಿಲ್ಲ. ಸೂಜಿ ಸರಿಯಾದ ಜಾಗಕ್ಕೆ ಹೋದರೂ ತೊಡಕು ತಪ್ಪದು. ಲೋಬ್ಯುಲರ್ ಎಂಬ ಬಗೆಯ ಕ್ಯಾನ್ಸರಿನಲ್ಲಿ ಜೀವಕೋಶಗಳು ನಾರಿನ ನಡುವೆ ಒಂದರ ಹಿಂದೊಂದು ಸಾಲಾಗಿ ಹುದುಗಿರುವುದರಿಂದ ಹೀರಿದರೂ ಸುಲಭವಾಗಿ ಕಿತ್ತುಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಿಡಿ ಜೀವಕೋಶಗಳನ್ನು ನೋಡಿ ಇದು ಹಾಲಿನ ನಾಳದ ಒಳಗಷ್ಟೇ ಇರುವ ರೋಗವೋ, ನಾಳದ ಗೋಡೆ ದಾಟಿ ಹೊರಗೆ ನುಗ್ಗಿದ ರೋಗವೋ ಎಂದು ಹೇಳಲು ಬರುವುದಿಲ್ಲ. ಗೋಡೆಯೇ ಸ್ಲೈಡಿಗೆ ಬಂದಿರುವುದಿಲ್ಲವಲ್ಲ! ಮೊದಲನೆಯದಕ್ಕೂ ಎರಡನೆಯದಕ್ಕೂ ಚಿಕಿತ್ಸೆಯೇ ಬೇರೆ.

ಎಫ್‌ಎನ್‌ಎಸಿ ಮಾಡಲೇಬೇಕಾದ ಕಡೆ ಅದನ್ನು ಯೊಕೊಹಾಮಾ ಪದ್ಧತಿಯಂತೆ ಐದು ವರ್ಗಗಳಲ್ಲಿ, ಅಂದರೆ ಸಾಲದು, ನಿರಪಾಯಕಾರಿ, ಅಸಹಜ, ಅನುಮಾನಾಸ್ಪದ, ಕ್ಯಾನ್ಸರ್ ಎಂದು ವಿಂಗಡಿಸಿ ವರದಿ ಮಾಡುವುದು ಒಳ್ಳೆಯದು. ಕನಿಷ್ಠ 'ಸಾಲದು' ಎಂಬುದು 'ಇಲ್ಲ' ಎಂದು ಓದಿಸಿಕೊಳ್ಳುವುದು ತಪ್ಪೀತು.

ಕೋರ್ ಬಯಾಪ್ಸಿಯಲ್ಲಿ ಸಿಗುವುದು ಅಂಗಾಂಶದ ಒಂದು ಎಳೆ. ಸ್ಪ್ರಿಂಗ್ ಅಳವಡಿಸಿದ ಗನ್ನಿಗೆ 14 ಗೇಜಿನ, ಸುಮಾರು ಎರಡು ಮಿಲಿಮೀಟರ್ ದಪ್ಪದ ಸೂಜಿ ಹಾಕಿರುತ್ತಾರೆ. ಚರ್ಮಕ್ಕೆ ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸಿ, ಬ್ಲೇಡಿನ ತುದಿಯಿಂದ ಸಣ್ಣದೊಂದು ಗೀರು ಹಾಕಿ, ಅಲ್ಟ್ರಾಸೌಂಡ್ ಪರದೆಯ ಮೇಲೆ ಸೂಜಿಯನ್ನು ಉದ್ದಕ್ಕೂ ನೋಡುತ್ತಾ ಗಂಟಿನ ಅಂಚಿನವರೆಗೆ ಒಯ್ದು ಗುಂಡಿ ಒತ್ತಿದರೆ, ಕಣ್ಣು ಮಿಟುಕಿಸುವುದರೊಳಗೆ ಒಳಸೂಜಿ ಸುಮಾರು 22 ಮಿಲಿಮೀಟರ್ ಮುಂದಕ್ಕೆ ಚಿಮ್ಮುತ್ತದೆ, ಹೊರಸೂಜಿ ಅದರ ಮೇಲೆ ಜಾರಿ ಎಳೆಯನ್ನು ಕತ್ತರಿಸಿ ಹಿಡಿದುಕೊಳ್ಳುತ್ತದೆ. ಅಷ್ಟು ದೂರ ಚಿಮ್ಮುವ ಸೂಜಿ ಎದೆಗೂಡಿನ ಕಡೆಗೆ ಮುಖ ಮಾಡಿರಕೂಡದು, ಅದಕ್ಕೆ ಸಮಾನಾಂತರವಾಗಿರಬೇಕು. ಇದನ್ನು ಕಲಿಯಲು ತರಬೇತಿ ಬೇಕೇ ಬೇಕು. ಗನ್ 'ಟಕ್' ಎಂದು ಜೋರಾಗಿ ಸದ್ದು ಮಾಡುತ್ತದೆ. ಮೊದಲೇ ಒಂದು ಸಲ ಆ ಸದ್ದನ್ನು ಕೇಳಿಸಿದರೆ ಮಹಿಳೆ ಬೆಚ್ಚಿ ಅಲುಗಾಡುವುದಿಲ್ಲ ಎಂದು ರೇಡಿಯಾಲಜಿ ವಿಭಾಗದ ನರ್ಸುಗಳು ಹೇಳುತ್ತಾರೆ. ಸೂಜಿ ಪ್ರತಿ ಬಾರಿಯೂ ಹೊರಗೆ ಬಂದು ಮತ್ತೆ ಒಳಹೊಗಬೇಕು. ಗಂಟಾಗಿದ್ದರೆ ಸಾಮಾನ್ಯವಾಗಿ ನಾಲ್ಕೈದು ಎಳೆ ಸಾಕು.

ಅಮೆರಿಕದ ರೇಡಿಯಾಲಜಿಸ್ಟ್ ಸ್ಟೀವ್ ಪಾರ್ಕರ್ ಮತ್ತವರ ಸಂಗಡಿಗರು 1990ರಲ್ಲಿ ಎಕ್ಸ್‌ರೇ ಮಾರ್ಗದರ್ಶನದಲ್ಲೂ, 1993ರಲ್ಲಿ ಅಲ್ಟ್ರಾಸೌಂಡ್ ಮಾರ್ಗದರ್ಶನದಲ್ಲೂ ಇಂಥ ಗನ್ ಬಳಸಿದ ಅನುಭವವನ್ನು ಪ್ರಕಟಿಸಿದ ನಂತರ ರೋಗಪತ್ತೆಯ ಶಸ್ತ್ರಚಿಕಿತ್ಸೆಗಳು ಆ ದೇಶದಲ್ಲಿ ಇಳಿಮುಖವಾದವು. 2009ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯೊಂದು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಚಿತ್ರದ ಮಾರ್ಗದರ್ಶನದಲ್ಲಿ ಮಾಡಿದ ಕೋರ್ ಬಯಾಪ್ಸಿ 100 ಕ್ಯಾನ್ಸರ್‌ಗಳಲ್ಲಿ ಸುಮಾರು 98ನ್ನು ಹಿಡಿಯುತ್ತದೆಂದೂ, ತೀವ್ರ ತೊಂದರೆ ಕಾಣಿಸಿಕೊಳ್ಳುವುದು ಶೇ 1ಕ್ಕಿಂತ ಕಡಿಮೆ ಮಂದಿಯಲ್ಲೆಂದೂ ಕಂಡುಬಂತು. ತೆರೆದ ಶಸ್ತ್ರಚಿಕಿತ್ಸೆಯ ಬಯಾಪ್ಸಿಯಲ್ಲಿ ತೊಂದರೆಗಳ ಪ್ರಮಾಣ ಶೇ 2ರಿಂದ 10. ಅದೇ ಪರಿಶೀಲನೆಯ ಇನ್ನೊಂದು ಅಂಕಿ ನಮ್ಮವರು ಗೋಡೆಯ ಮೇಲೆ ಬರೆದಿಡಬೇಕಾದಂಥದ್ದು. ಚಿತ್ರದ ನೆರವಿಲ್ಲದೆ ಕೈಯಿಂದ ಮುಟ್ಟಿ ನೋಡಿ ಗನ್ ಹೊಡೆದಾಗ ಸಿಕ್ಕಿದ್ದು 100ರಲ್ಲಿ 86ರಷ್ಟು ಮಾತ್ರ. ಸೂಜಿ ಅದೇ, ಗನ್ ಅದೇ. ಪರದೆ ನೋಡುವುದಕ್ಕೂ ನೋಡದಿರುವುದಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. 'ನಮ್ಮಲ್ಲಿ ಟ್ರೂಕಟ್ (ಕೋರ್ ಬಯಾಪ್ಸಿ) ಮಾಡುತ್ತೇವೆ' ಎಂದು ಹೇಳಿಕೊಳ್ಳುವ ಅನೇಕ ಕಡೆ ಮಾಡುತ್ತಿರುವುದು ಈ ಎರಡನೆಯ ಬಗೆಯದ್ದು. ಮೂರು ಸೆಂಟಿಮೀಟರಿನ ಗಂಟಿಗೆ ಅದು ನಡೆದೀತು, ಎಂಟು ಮಿಲಿಮೀಟರಿನದಕ್ಕೆ ನಡೆಯದು.

ಎಳೆ ಸರಿಯಾಗಿ ಬಂದಿದೆಯೇ ಎಂಬುದನ್ನು ಮೈಕ್ರೋಸ್ಕೋಪಿಗೂ ಮೊದಲು ಬಾಟಲಿಯೇ ಹೇಳುತ್ತದೆ. ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಬೀಳಿಸಿದಾಗ ಹಳದಿಯಾಗಿ ತೇಲುವ ಎಳೆ ಹೆಚ್ಚಾಗಿ ಬರೀ ಕೊಬ್ಬು. ಬೂದು ಬಿಳುಪಾಗಿ, ಮುರಿಯದೆ, ನೇರವಾಗಿ ತಳಕ್ಕೆ ಇಳಿಯುವ ಎಳೆಯಲ್ಲಿ ಗಂಟಿನ ಅಂಶವಿರುವ ಭರವಸೆ ಹೆಚ್ಚು. ಸೂಜಿ ಹಿಡಿದ ವೈದ್ಯರು ಬಾಟಲಿಯನ್ನು ಬೆಳಕಿಗೆ ಹಿಡಿದು ಇದನ್ನು ಗಮನಿಸಿ, ಎಲ್ಲವೂ ತೇಲುತ್ತಿದ್ದರೆ ಇನ್ನೆರಡು ಎಳೆ ತೆಗೆದರೆ, ಆ ಮಹಿಳೆ ಎರಡನೆಯ ಸಲ ಬಸ್ಸು ಹತ್ತಿ ಬರುವುದು ತಪ್ಪುತ್ತದೆ.

ಎಳೆಯಿಂದ ಸಿಗುವ ಇನ್ನೊಂದು ಲಾಭ ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ್ದು. ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳು (ರಿಸೆಪ್ಟರ್) ಗಂಟಿನ ಜೀವಕೋಶಗಳಲ್ಲಿ ಇವೆಯೇ, ಹರ್-2 ಎಂಬ ಪ್ರೋಟೀನ್ ಹೆಚ್ಚಿದೆಯೇ ಎಂಬ ಪರೀಕ್ಷೆಗಳಿಲ್ಲದೆ ಇಂದು ಸ್ತನ ಕ್ಯಾನ್ಸರಿಗೆ ಔಷಧಿ ಬರೆಯುವುದು ಕತ್ತಲಲ್ಲಿ ತಡಕಾಡಿದಂತೆ. ಹರ್-2 ಹೆಚ್ಚಿರುವವರಿಗೆ ಕೊಡುವ ಟ್ರಾಸ್ಟುಜುಮಾಬ್ ಔಷಧಿಯ ಬಯೋಸಿಮಿಲರ್ (ಮೂಲ ಔಷಧಿಯನ್ನು ಹೋಲುವ) ರೂಪವನ್ನು ನಮ್ಮ ಬೆಂಗಳೂರಿನ ಬಯೋಕಾನ್ ತಯಾರಿಸಿ 2014ರಿಂದ ದೇಶದ ಮಾರುಕಟ್ಟೆಗೆ ಬಿಟ್ಟಿದೆ. ಔಷಧಿ ರಾಜ್ಯದಲ್ಲೇ ತಯಾರಾಗುತ್ತದೆ. ಅದು ಯಾರಿಗೆ ಬೇಕೆಂದು ತಿಳಿಸುವ ಎರಡು ಸೆಂಟಿಮೀಟರಿನ ಎಳೆ ಮಾತ್ರ ಹಲವು ತಾಲ್ಲೂಕುಗಳಲ್ಲಿ ಸಿಗುವುದಿಲ್ಲ! ಶಸ್ತ್ರಚಿಕಿತ್ಸೆಗೂ ಮೊದಲೇ ಕಿಮೋಥೆರಪಿ ಕೊಡುವ ಸಂದರ್ಭದಲ್ಲಿ ಈ ಎಳೆಯ ಬೆಲೆ ಇನ್ನೂ ಹೆಚ್ಚು. ಔಷಧಿಗೆ ಗಂಟು ಪೂರ್ತಿ ಕರಗಿಹೋದರೆ, ಅದು ಯಾವ ಬಗೆಯದಾಗಿತ್ತು ಎಂಬುದಕ್ಕೆ ಉಳಿಯುವ ಸಾಕ್ಷ್ಯ ಅದೊಂದೇ.

ಇನ್ನು ವ್ಯಾಕ್ಯೂಮ್ ನೆರವಿನ ಬಯಾಪ್ಸಿ. 1990ರ ದಶಕದ ನಡುವಿನಲ್ಲಿ ಬಂದ ಈ ವಿಧಾನದಲ್ಲಿ ಸೂಜಿ ಒಮ್ಮೆ ಮಾತ್ರ ಒಳಹೊಗುತ್ತದೆ. ಸೂಜಿಯ ಪಕ್ಕದಲ್ಲಿರುವ ಕಿಂಡಿಗೆ ಗಾಳಿಯ ಎಳೆತದಿಂದ ಅಂಗಾಂಶ ಬಂದು ಕೂರುತ್ತದೆ, ತಿರುಗುವ ಅಲಗು ಅದನ್ನು ಕತ್ತರಿಸುತ್ತದೆ, ತುಣುಕು ತಾನಾಗಿ ಹೊರಗೆ ಬರುತ್ತದೆ. ಕಿಂಡಿಯ ದಿಕ್ಕನ್ನು ತಿರುಗಿಸುತ್ತಾ ಸುತ್ತಲೂ ಹತ್ತು ಹನ್ನೆರಡು ತುಣುಕು ತೆಗೆಯಬಹುದು. 14 ಗೇಜಿನ ಗನ್ನಿನ ಒಂದು ಎಳೆ ಸುಮಾರು 20 ಮಿಲಿಗ್ರಾಂ ತೂಗಿದರೆ, 11 ಗೇಜಿನ ವ್ಯಾಕ್ಯೂಮ್ ಸೂಜಿಯ ಒಂದು ತುಣುಕು ಸುಮಾರು 100 ಮಿಲಿಗ್ರಾಂ. ನಮ್ಮ ಮೇಜಿನ ಮೇಲೆ ಇದು ಬಹಳ ದೊಡ್ಡ ವ್ಯತ್ಯಾಸ.

ಇದು ನಿಜವಾಗಿ ಬೇಕಾಗುವುದು ಮುಖ್ಯವಾಗಿ ಮೈಕ್ರೊಕ್ಯಾಲ್ಸಿಫಿಕೇಷನ್‌ಗಳಿಗೆ, ಅಂದರೆ ನಾನು ಮೇಲೆ ಹೇಳಿದ ಬಿಳಿ ಚುಕ್ಕೆಗಳಿಗೆ. ಇವು ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಲ್ಲಿ ಕಾಣುವುದಿಲ್ಲ. ಮ್ಯಾಮೊಗ್ರಾಂ ಯಂತ್ರದಲ್ಲೇ ಸ್ತನವನ್ನು ಒತ್ತಿಹಿಡಿದು, ಬಲಕ್ಕೆ 15 ಮತ್ತು ಎಡಕ್ಕೆ 15 ಡಿಗ್ರಿ ಓರೆಯಾಗಿ ಎರಡು ಚಿತ್ರ ತೆಗೆದು, ಅವುಗಳ ವ್ಯತ್ಯಾಸದಿಂದ ಚುಕ್ಕೆಗಳ ಆಳವನ್ನು ಕಂಪ್ಯೂಟರ್ ಲೆಕ್ಕಹಾಕುತ್ತದೆ. ಇದಕ್ಕೆ ಸ್ಟೀರಿಯೊಟ್ಯಾಕ್ಟಿಕ್ ಎಂದು ಹೆಸರು. ತೆಗೆದ ತುಣುಕುಗಳನ್ನು ಅಲ್ಲೇ ಮತ್ತೆ ಎಕ್ಸ್‌ರೇ ಮಾಡಿ ಚುಕ್ಕೆಗಳು ಅವುಗಳಲ್ಲಿ ಬಂದಿವೆಯೇ ಎಂದು ನೋಡಿದ ಮೇಲೆಯೇ ಸೂಜಿ ಹೊರತೆಗೆಯಬೇಕು. ಚುಕ್ಕೆಗಳಿರುವ ತುಣುಕುಗಳನ್ನು ಬೇರೆ ಬಾಟಲಿಯಲ್ಲಿ ಹಾಕಿ ಕಳಿಸಿದರೆ ಪೆಥಾಲಜಿಸ್ಟ್ ಎಷ್ಟು ಹರಸುತ್ತಾರೆಂಬುದನ್ನು ಹೇಳತೀರದು. ಎಕ್ಸ್‌ರೇಯಲ್ಲಿ ಕಂಡ ಚುಕ್ಕೆ ನಮ್ಮ ಸ್ಲೈಡಿನಲ್ಲಿ ಕಾಣದಿರುವುದೂ ಉಂಟು. ಆಗ ತುಣುಕನ್ನು ಹುದುಗಿಸಿದ ಮೇಣದ ಅಚ್ಚನ್ನು ಇನ್ನಷ್ಟು ಆಳಕ್ಕೆ ಕೊರೆಯಬೇಕು, ಧ್ರುವೀಕೃತ ಬೆಳಕಿನಲ್ಲಿ ನೋಡಬೇಕು. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಸಾಮಾನ್ಯ ಬೆಳಕಿನಲ್ಲಿ ಕಣ್ತಪ್ಪಿಸಿಕೊಳ್ಳುತ್ತವೆ, ಧ್ರುವೀಕೃತ ಬೆಳಕಿನಲ್ಲಿ ಫಳಫಳ ಹೊಳೆಯುತ್ತವೆ.

ವ್ಯಾಕ್ಯೂಮ್ ವಿಧಾನದ ದೊಡ್ಡ ಗುಣವೆಂದರೆ ರೋಗವನ್ನು ಇದ್ದುದಕ್ಕಿಂತ ಕಡಿಮೆ ಎಂದು ಅಂದಾಜಿಸುವ ಅಪಾಯ ತಗ್ಗುತ್ತದೆ. ಎಡಿಎಚ್ ಎಂದು ನಾವು ಕರೆಯುವ ಅಸಹಜ ಬೆಳವಣಿಗೆಯೊಂದಿದೆ. ಅದು ಕ್ಯಾನ್ಸರ್ ಅಲ್ಲ, ಆದರೆ ಅದರ ಪಕ್ಕದ ಮನೆಯಂಥದ್ದು. 14 ಗೇಜಿನ ಎಳೆಯಲ್ಲಿ ಎಡಿಎಚ್ ಎಂದು ಬಂದ ಮಹಿಳೆಯರಿಗೆ ನಂತರ ಶಸ್ತ್ರಚಿಕಿತ್ಸೆ ಮಾಡಿದಾಗ ಶೇ 40ರ ಆಸುಪಾಸಿನಲ್ಲಿ ಕ್ಯಾನ್ಸರ್ ಸಿಕ್ಕಿರುವುದನ್ನು ಹಳೆಯ ಅಧ್ಯಯನಗಳು ತೋರಿಸುತ್ತವೆ. 11 ಗೇಜಿನ ವ್ಯಾಕ್ಯೂಮ್‌ನಲ್ಲಿ ಈ ಪ್ರಮಾಣ ಶೇ 20ರ ಆಸುಪಾಸಿಗೆ ಇಳಿಯುತ್ತದೆ. ಹಾಲಿನ ನಾಳದೊಳಗಿನ ಕ್ಯಾನ್ಸರ್ ಎಂದು ಬಂದದ್ದು ನಂತರ ಹೊರಗೆ ನುಗ್ಗಿದ ಕ್ಯಾನ್ಸರ್ ಎಂದು ತಿಳಿಯುವ ಪ್ರಮಾಣವೂ ಹೀಗೆಯೇ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಇಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆದ್ದರಿಂದ ವ್ಯಾಕ್ಯೂಮ್‌ನಲ್ಲಿ ಎಡಿಎಚ್ ಬಂದವರನ್ನೂ ಹಾಗೆಯೇ ಮನೆಗೆ ಕಳಿಸುವಂತಿಲ್ಲ. ಬ್ರಿಟನ್ನಿನಲ್ಲಿ ಇಂಥ ಅನಿಶ್ಚಿತ ವರ್ಗದ ಹಲವು ಗಂಟುಗಳಿಗೆ ಶಸ್ತ್ರಚಿಕಿತ್ಸೆಯ ಬದಲು ವ್ಯಾಕ್ಯೂಮ್‌ನಿಂದಲೇ 7 ಗೇಜಿನ ಹನ್ನೆರಡು ತುಣುಕುಗಳಷ್ಟು, ಅಂದರೆ ಸುಮಾರು ನಾಲ್ಕು ಗ್ರಾಂ ಅಂಗಾಂಶ ತೆಗೆದು ಸಮಗ್ರವಾಗಿ ಪರೀಕ್ಷಿಸುವ ಕ್ರಮವನ್ನು 2018ರ ಮಾರ್ಗಸೂಚಿ ಒಪ್ಪಿಕೊಂಡಿದೆ. ಯಂತ್ರ ಇರುವ ನಮ್ಮ ದೊಡ್ಡ ಆಸ್ಪತ್ರೆಗಳು ಅನುಸರಿಸಬಹುದಾದ ಮಾರ್ಗವಿದು.

ತೊಡಕುಗಳೂ ಇವೆ. ಪ್ರತಿ ರೋಗಿಗೂ ಬಳಸಿ ಬಿಸಾಡಬೇಕಾದ ಸೂಜಿಗೇ ಹೆಚ್ಚು ಬೆಲೆ. ಯಂತ್ರದ ಖರ್ಚು ಬೇರೆ. ರಕ್ತ ಹೆಪ್ಪುಗಟ್ಟಿ ಸ್ತನ ಕಂದುಗಟ್ಟುವುದು ಕೋರ್ ಬಯಾಪ್ಸಿಗಿಂತ ಇಲ್ಲಿ ಹೆಚ್ಚು. ಒತ್ತಿದಾಗ ಸ್ತನ ಎರಡೂವರೆ ಮೂರು ಸೆಂಟಿಮೀಟರಿಗೂ ತೆಳ್ಳಗಾಗುವ ಮಹಿಳೆಯರಲ್ಲಿ ಸೂಜಿಯ ತುದಿ ಹಿಂಬದಿಯ ಫಲಕಕ್ಕೆ ತಾಗುವ ಅಪಾಯವಿರುವುದರಿಂದ ಸ್ಟೀರಿಯೊ ವಿಧಾನವೇ ಕಷ್ಟ; ಕಿಂಡಿ ಚಿಕ್ಕದಾಗಿರುವ ಸೂಜಿ ಬಳಸಬೇಕು ಇಲ್ಲವೇ ಪಕ್ಕದಿಂದ ಸೂಜಿ ಹಾಕುವ ಸಾಧನ ಬೇಕು. ಎಂಆರ್‌ಐನಲ್ಲಿ ಮಾತ್ರ ಕಾಣುವ ಗಂಟುಗಳಿಗೂ ವ್ಯಾಕ್ಯೂಮ್ ಬೇಕಾಗುತ್ತದೆ, ಆದರೆ ಅಂಥವು ಕೆಲವೇ. ಎಂಆರ್‌ಐನಲ್ಲಿ ಕಂಡದ್ದನ್ನು ಮತ್ತೊಮ್ಮೆ ಅಲ್ಟ್ರಾಸೌಂಡ್‌ನಲ್ಲಿ ಜಾಗ ಗೊತ್ತಿಟ್ಟು ಹುಡುಕಿದರೆ ಎಷ್ಟೋ ಸಲ ಸಿಗುತ್ತದೆ. ಆಗ ಸಾಧಾರಣ ಗನ್ನೇ ಸಾಕು. ಅಲ್ಟ್ರಾಸೌಂಡ್‌ನಲ್ಲಿ ಸ್ಪಷ್ಟವಾಗಿ ಕಾಣುವ ಘನ ಗಂಟಿಗೂ ವ್ಯಾಕ್ಯೂಮ್ ಬಯಾಪ್ಸಿಯೇ ಶ್ರೇಷ್ಠವೆಂದು ಜಾಹೀರಾತಿನ ಧಾಟಿಯಲ್ಲಿ ಹೇಳುವುದನ್ನು ನಾನು ಒಪ್ಪಲಾರೆ. ಅಂಥ ಗಂಟಿಗೆ 14 ಗೇಜಿನ ಗನ್ ಸರಿಯಾದ ಕೈಯಲ್ಲಿದ್ದರೆ ಉತ್ತರ ಕೊಡುತ್ತದೆ. ಖರ್ಚಿನಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ.

'ಡಾಕ್ಟ್ರೇ, ಚುಚ್ಚಿದರೆ ಕ್ಯಾನ್ಸರ್ ಹರಡುತ್ತಂತಲ್ಲ?' ಎಂದು ಕೇಳದ ಮನೆಯವರಿಲ್ಲ. ಓದಿದವರೂ ಕೇಳುತ್ತಾರೆ. ಸೂಜಿಯ ದಾರಿಯಲ್ಲಿ ಕೆಲವು ಜೀವಕೋಶಗಳು ಸರಿದು ಬೀಳುವುದನ್ನು ಮೈಕ್ರೋಸ್ಕೋಪಿನಲ್ಲಿ ಕಾಣಬಹುದು ಎಂಬುದು ನಿಜ. ಬಯಾಪ್ಸಿಯಾಗಿ ದಿನ ಕಳೆದಂತೆ ಅವು ಕಡಿಮೆಯಾಗುತ್ತವೆ, ಬದುಕಿ ಬೇರೂರುವುದು ತೀರಾ ಅಪರೂಪ. ಸೂಜಿ ಬಯಾಪ್ಸಿ ಮಾಡಿಸಿಕೊಂಡವರ ಆಯಸ್ಸು ಅದರಿಂದ ಕುಗ್ಗಿದೆ ಎಂಬುದಕ್ಕೆ ಆಧಾರವಿಲ್ಲ. ಈ ಭಯದಿಂದ ಬಯಾಪ್ಸಿ ಬೇಡವೆಂದು ನಾಟಿ ಔಷಧಿಗೆ ಹೋಗಿ, ಗಂಟು ಹುಣ್ಣಾದ ಮೇಲೆ ಮರಳಿ ಬಂದವರನ್ನು ಕಂಡವರಿಗೆ ನಿಜವಾದ ಅಪಾಯ ಎಲ್ಲಿದೆಯೆಂದು ಬಿಡಿಸಿ ಹೇಳಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಬಯಾಪ್ಸಿಯ ನಂತರ ಹತ್ತು ನಿಮಿಷ ಬಿಗಿಯಾಗಿ ಒತ್ತಿಹಿಡಿದರೆ ರಕ್ತಸ್ರಾವ ಹೆಚ್ಚಿನವರಲ್ಲಿ ನಿಲ್ಲುತ್ತದೆ.

ಗಂಟು ತೀರಾ ಸಣ್ಣದಿದ್ದರೆ ಬಯಾಪ್ಸಿಯಲ್ಲೇ ಅದು ಪೂರ್ತಿ ಹೊರಗೆ ಬಂದು, ಆಮೇಲೆ ಶಸ್ತ್ರಚಿಕಿತ್ಸಕರಿಗೆ ಜಾಗವೇ ಸಿಗದಂತಾಗಬಹುದು. ಅದಕ್ಕೆಂದೇ ಎರಡು ಮೂರು ಮಿಲಿಮೀಟರಿನ ಟೈಟಾನಿಯಂ ಕ್ಲಿಪ್ಪೊಂದನ್ನು ಅಲ್ಲಿ ಬಿಡುತ್ತಾರೆ. ಅದರಿಂದ ನೋವಿಲ್ಲ, ಎಂಆರ್‌ಐಗೆ ಅಡ್ಡಿಯಿಲ್ಲ. ಕಿಮೋಥೆರಪಿ ಮೊದಲು ಕೊಡುವುದಿದ್ದರೂ ಇದು ಅಗತ್ಯ. ಕ್ಲಿಪ್ಪಿಗೆ ದುಡ್ಡು ಹೆಚ್ಚಾಯಿತೆಂದು ಬಿಟ್ಟು, ಕೊನೆಗೆ ಅಂದಾಜಿನ ಮೇಲೆ ಸ್ತನದ ಕಾಲುಭಾಗ ತೆಗೆಯುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಇಷ್ಟೆಲ್ಲ ಸರಿಯಾಗಿ ನಡೆದರೂ ಕೆಲಸ ಕೆಡುವುದು ಫಾರ್ಮಲಿನ್ ಎಂಬ ಅಗ್ಗದ ದ್ರಾವಣದಲ್ಲಿ. ಗ್ರಾಹಕಗಳ ಪರೀಕ್ಷೆ ನಂಬಲರ್ಹವಾಗಬೇಕಾದರೆ ಎಳೆಯನ್ನು ತೆಗೆದು ಒಂದು ಗಂಟೆಯೊಳಗೆ ಶೇ 10ರ ಬಫರ್ ಫಾರ್ಮಲಿನ್‌ಗೆ ಹಾಕಬೇಕು. ಅದರಲ್ಲಿ ಅದು ಆರು ಗಂಟೆಗಿಂತ ಕಡಿಮೆಯಾಗಲೀ 72 ಗಂಟೆಗಿಂತ ಹೆಚ್ಚಾಗಲೀ ಇರಕೂಡದು. ನನ್ನ ಮೇಜಿಗೆ ಎಳೆಗಳು ಸಲೈನ್‌ನಲ್ಲಿ ಬಂದಿವೆ, ಸ್ಪಿರಿಟ್‌ನಲ್ಲಿ ಬಂದಿವೆ, ಇಂಜೆಕ್ಷನ್ನಿನ ಖಾಲಿ ಬಾಟಲಿಯಲ್ಲಿ ಒಣಗಿ ಅಂಟಿಕೊಂಡು ಬಂದಿವೆ. ಶನಿವಾರ ಮಧ್ಯಾಹ್ನ ತೆಗೆದದ್ದು ಭಾನುವಾರ ಕಪಾಟಿನಲ್ಲಿ ಕುಳಿತು, ಸೋಮವಾರ ಕೊರಿಯರ್ ಹತ್ತಿ, ಮಂಗಳವಾರ ಸಂಜೆ ಬೆಂಗಳೂರು ತಲುಪಿದರೆ ಅವಧಿ ಮೀರಿರುತ್ತದೆ. ಇಂಥ ಎಳೆಯಲ್ಲಿ ಗ್ರಾಹಕಗಳಿಲ್ಲವೆಂದು ವರದಿ ಬಂದರೆ ಅದು ರೋಗದ ಗುಣವೋ ಬಾಟಲಿಯ ದೋಷವೋ ಯಾರೂ ಹೇಳಲಾರರು. ಹಾರ್ಮೋನ್ ಮಾತ್ರೆಯಿಂದ ವರ್ಷಗಟ್ಟಲೆ ಪ್ರಯೋಜನ ಪಡೆಯಬಹುದಾಗಿದ್ದ ಮಹಿಳೆಗೆ ಆ ಮಾತ್ರೆ ತಪ್ಪಿಹೋಗುತ್ತದೆ. ತೆಗೆದ ಸಮಯ ಮತ್ತು ಫಾರ್ಮಲಿನ್‌ಗೆ ಹಾಕಿದ ಸಮಯವನ್ನು ಚೀಟಿಯಲ್ಲಿ ಬರೆಯುವುದಕ್ಕೆ ಪೆನ್ನೊಂದು ಸಾಕು.

ಇನ್ನೊಂದು ಖರ್ಚಿಲ್ಲದ ಕೆಲಸ, ಚಿತ್ರವನ್ನೂ ಸ್ಲೈಡನ್ನೂ ಎದುರುಬದುರು ಇಟ್ಟು ನೋಡುವುದು. ಚಿತ್ರದಲ್ಲಿ ಮುಳ್ಳುಮುಳ್ಳಾದ ಅಂಚಿನ, ಬೈ-ರಾಡ್ಸ್ 5 ಎಂದು ಬರೆದ ಗಂಟು. ವರದಿಯಲ್ಲಿ 'ಸಾಮಾನ್ಯ ಸ್ತನದ ಅಂಗಾಂಶ'. ಎರಡೂ ಸರಿಯಾಗಿರಲು ಸಾಧ್ಯವಿಲ್ಲ. ಸೂಜಿ ಗಂಟನ್ನು ತಪ್ಪಿಸಿದೆ ಎಂದೇ ತಿಳಿದು ಬಯಾಪ್ಸಿಯನ್ನು ಮತ್ತೆ ಮಾಡಬೇಕು. ರೇಡಿಯಾಲಜಿಸ್ಟ್ ಒಂದು ಕಟ್ಟಡದಲ್ಲಿ, ಪೆಥಾಲಜಿಸ್ಟ್ ಇನ್ನೊಂದು ಊರಿನಲ್ಲಿ, ಶಸ್ತ್ರಚಿಕಿತ್ಸಕರು ಕೈಯಲ್ಲೊಂದು ಹಾಳೆ ಹಿಡಿದು ಮೂರನೆಯ ಕಡೆ ಇರುವಾಗ ಈ ಪ್ರಶ್ನೆಯನ್ನು ಕೇಳುವವರೇ ಇರುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ವೀಡಿಯೊ ಕರೆಯಲ್ಲಾದರೂ ಮೂವರೂ ಸೇರುವುದು ಇಂದು ಕಷ್ಟವೇನಲ್ಲ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತಿದ್ದು, 98 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದಾರೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ 2021ರಲ್ಲಿ ಪ್ರಕಟಿಸಿದ, ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದರಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಈ ಫಲಿತಾಂಶವನ್ನು ಉಲ್ಲೇಖಿಸುವವರು ಅದರ ಹಿಂದಿನ ಏರ್ಪಾಟನ್ನು ಮರೆಯಬಾರದು: ಗಂಟು ಕಂಡವರಿಗೆ ಮುಂದಿನ ತಪಾಸಣೆ ಮತ್ತು ಚಿಕಿತ್ಸೆ ಅದೇ ಆಸ್ಪತ್ರೆಯಲ್ಲಿ ದೊರೆಯುತ್ತಿತ್ತು. ನಮ್ಮಲ್ಲಿಯೂ 30 ದಾಟಿದ ಮಹಿಳೆಯರ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಹೋಗಿ ಕರೆತಂದ ಮಹಿಳೆಯನ್ನು ಬಯಾಪ್ಸಿಗಾಗಿ ಇನ್ನೂರು ಮುನ್ನೂರು ಕಿಲೋಮೀಟರ್ ಆಚೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿ ಎಂದರೆ, ಗಂಟು ಇನ್ನೂ ನೋಯುತ್ತಿಲ್ಲವಾದ್ದರಿಂದ, ಸುಗ್ಗಿ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಆಕೆ ಮುಂದೂಡುವುದು ಸಹಜ.

ಹಾಗಾಗಿ ಆರೋಗ್ಯ ಇಲಾಖೆಯಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಯಂತ್ರ ಈಗಾಗಲೇ ಇದೆ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿ ನಿಯಮಗಳಿಂದಾಗಿ ಆ ಯಂತ್ರವನ್ನು ಬೇಕೆಂದಲ್ಲಿಗೆ ಒಯ್ಯುವಂತಿಲ್ಲ, ಯಾರೆಂದರವರು ಬಳಸುವಂತಿಲ್ಲ. ಅದು ಇರಬೇಕಾದ ನಿರ್ಬಂಧವೇ. ಆದ್ದರಿಂದ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಯಂತ್ರ ತರಿಸುವ ಬದಲು ವಾರದಲ್ಲಿ ಒಂದು ಮಧ್ಯಾಹ್ನವನ್ನು ರೇಡಿಯಾಲಜಿ ವಿಭಾಗದಲ್ಲೇ ಸ್ತನ ಬಯಾಪ್ಸಿಗೆಂದು ಗೊತ್ತುಪಡಿಸಬೇಕು. ಮರುಬಳಕೆಯ ಗನ್ನೊಂದು, ಬಳಸಿ ಬಿಸಾಡುವ 14 ಗೇಜಿನ ಸೂಜಿಗಳು, ಮೊದಲೇ ತುಂಬಿಟ್ಟ ಫಾರ್ಮಲಿನ್ ಬಾಟಲಿಗಳು, ಇಬ್ಬರು ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ. ಸ್ಟೀರಿಯೊ ಮತ್ತು ವ್ಯಾಕ್ಯೂಮ್ ಸೌಲಭ್ಯವನ್ನು ಕಂದಾಯ ವಿಭಾಗಕ್ಕೊಂದು ವೈದ್ಯಕೀಯ ಕಾಲೇಜಿನಲ್ಲಿ ಸರಿಯಾಗಿ ನಡೆಸಿದರೆ ಸದ್ಯಕ್ಕೆ ಸಾಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ದರಪಟ್ಟಿಯನ್ನು ಪರಿಷ್ಕರಿಸುವಾಗ ಬಯಾಪ್ಸಿ, ಕ್ಲಿಪ್ ಹಾಗೂ ಗ್ರಾಹಕಗಳ ಪರೀಕ್ಷೆಯನ್ನು ಒಂದೇ ಕಟ್ಟಾಗಿ ಪರಿಗಣಿಸಬೇಕು; ಎಳೆ ತೆಗೆಯುವುದು ಉಚಿತವಾಗಿ, ಅದರ ಮೇಲಿನ ಪರೀಕ್ಷೆಗೆ ಖಾಸಗಿ ಪ್ರಯೋಗಾಲಯದಲ್ಲಿ ಸಾವಿರಾರು ರೂಪಾಯಿ ಕೊಡಬೇಕಾದ ಸ್ಥಿತಿ ಇರಬಾರದು.

ಓದುಗರಲ್ಲಿ ಯಾರಿಗಾದರೂ, ಅಥವಾ ಅವರ ಅಕ್ಕತಂಗಿಯರಿಗೆ ಸಣ್ಣ ಗಂಟಿದೆಯೆಂದು ವರದಿ ಬಂದಿದ್ದರೆ, ಬೈ-ರಾಡ್ಸ್ ಅಂಕೆ ಎಷ್ಟು, ಸೂಜಿಯನ್ನು ಅಲ್ಟ್ರಾಸೌಂಡ್ ನೋಡುತ್ತಾ ಹಾಕುತ್ತೀರಾ, ಎಳೆ ತೆಗೆಯುತ್ತೀರೋ ಬರೀ ಜೀವಕೋಶ ಹೀರುತ್ತೀರೋ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ವರದಿಯ ಜೊತೆಗೆ ಸ್ಲೈಡುಗಳನ್ನೂ ಮೇಣದ ಅಚ್ಚುಗಳನ್ನೂ ಕೇಳಿ ಪಡೆದಿಟ್ಟುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋದಾಗ ಮತ್ತೆ ಚುಚ್ಚಿಸಿಕೊಳ್ಳದೆ ಅವುಗಳ ಮೇಲೆಯೇ ಎರಡನೆಯ ಅಭಿಪ್ರಾಯ ಪಡೆಯಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪೆಥಾಲಜಿಸ್ಟ್
ಶಿವಮೊಗ್ಗ